ಥರ್ಲೋ ವಂಶವೃಕ್ಷ ಗೋಡೆಗೇರಿದ್ದು

ನಿವೃತ್ತನಾದ ಗಂಡಸು ಮನೆಯಲ್ಲಿ ಕೂತರೆ ಒಂದೋ ತೋಟ ಹಾಳಾಗುತ್ತದೆ, ಇಲ್ಲವೇ ಸಂಸಾರ. ಆಂಬ್ರೋಸ್ ಥರ್ಲೋ ತೋಟದ ತಂಟೆಗೆ ಹೋಗಲಿಲ್ಲ. ಇಂಗ್ಲೆಂಡಿನ ಸಫೋಕ್‌ನ ತಮ್ಮ ಹಳ್ಳಿಯಲ್ಲಿ ತನ್ನ ಮನೆತನ ಮತ್ತು ಹೆಂಡತಿ ಡೋರೀನಳ ಪಾಸ್ಕ್ ಮನೆತನ ಎಷ್ಟು ಹಳೆಯವೆಂದು ಪತ್ತೆಹಚ್ಚಿ, ಮದುವೆಯ ನಲವತ್ತನೇ ವಾರ್ಷಿಕೋತ್ಸವಕ್ಕೆ ಎರಡು ವಂಶವೃಕ್ಷ ಬರೆದು ಉಡುಗೊರೆ ಕೊಡುತ್ತೇನೆಂದು ಹೊರಟ. ಎರಡು ವರ್ಷ ದಾಖಲೆ ಕಚೇರಿಯಲ್ಲಿ ಮದುವೆ, ಹಸುಗೂಸುಗಳ ದೀಕ್ಷಾಸ್ನಾನ ಬರೆದಿಟ್ಟ ಚರ್ಚಿನ ಹಳೆಯ ಪುಸ್ತಕಗಳ ಮುಂದೆ ತಪಸ್ಸಿಗೆ ಕೂತ. ಒಲೆ ಹೆಚ್ಚಿದ್ದಷ್ಟೂ ಸಿರಿವಂತರೆಂದು ವಸೂಲು ಮಾಡುತ್ತಿದ್ದ ಹಳೆಯ ಒಲೆ ತೆರಿಗೆಯ ಪಟ್ಟಿಯಲ್ಲಿ ಜಾನ್ ಥರ್ಲೋಗೆ ನಾಲ್ಕು ಒಲೆ, ಪಾಸ್ಕರಿಗೆ ಒಂದೇ ಒಂದು ಎಂದು ಕಂಡ ದಿನ ಅವನ ನಡಿಗೆಯೇ ಬದಲಾಯಿತು. (ಈಗ ಅವನ ಮನೆಯಲ್ಲಿರುವುದೂ ಒಂದೇ ಒಲೆ. ಅದನ್ನು ಹಚ್ಚಲು ಅವನಿಗೆ ಬಾರದು.)

ವಾರ್ಷಿಕೋತ್ಸವದ ದಿನ ಚರ್ಚಿನ ಸಭಾಂಗಣದಲ್ಲಿ ಊರಿನವರಿಗೆಲ್ಲ ಚಹಾ. ಎರಡೂ ವೃಕ್ಷಗಳು ಗೋಡೆಯ ಮೇಲೆ. ಡೋರೀನ್ ಕನ್ನಡಕ ಹಾಕಿಕೊಂಡು ತನ್ನವರದನ್ನು ಓದಿದಳು. ವಿಲಿಯಂ ಪಾಸ್ಕನ ಮದುವೆ, ಮೇ 1671. ಅವನ ಮಗಳ ದೀಕ್ಷಾಸ್ನಾನ, ಫೆಬ್ರವರಿ 1671. ಪಕ್ಕದಲ್ಲಿ ಗಂಡನ ದುಂಡಕ್ಷರದ ಷರಾ: ‘ಮಗು ಮದುವೆಗೆ ಮುಂಚೆ.’

“ಇದನ್ನ ಊರೋರ ಮುಂದೆ ನೇತು ಹಾಕಿದ್ರಾ?”

“ಪುಸ್ತಕದಲ್ಲಿ ಇದ್ದಿದ್ದನ್ನ ಬರ್ದೆ ಡೋರೀನ್. ಇತಿಹಾಸಕ್ಕೆ ದಯೆ ದಾಕ್ಷಿಣ್ಯ ಇಲ್ಲ.”

“ಇತಿಹಾಸಕ್ಕಿಲ್ಲ ಸರಿ, ನಿಮಗೆ? ನಮ್ಮಮ್ಮ ಐವತ್ತು ವರ್ಷ ಈ ಚರ್ಚಲ್ಲಿ ಹೂ ಜೋಡಿಸಿದ್ಲು. ಅವಳ ಮಾನ ತೆಗೆದ್ರಲ್ಲ.”

ಆಮೇಲೆ ಅವಳು ಎಂಟು ದಿನ ಮಾತಾಡಲಿಲ್ಲ. ಚಹಾ ಕೊಟ್ಟಳು, ಸಕ್ಕರೆ ಹಾಕಲಿಲ್ಲ. ಭಾನುವಾರದ ಬಿಸಿ ಊಟದ ಜಾಗದಲ್ಲಿ ತಣ್ಣಗಿನ ಹಂದಿಮಾಂಸ ಬಂತು. ತನ್ನ ದಿಂಬನ್ನು ಎತ್ತಿಕೊಂಡು ಮಗಳ ಖಾಲಿ ಕೋಣೆಗೆ ಹೋದಳು. ಆಂಬ್ರೋಸನಿಗೆ ನಿಜವಾಗಿಯೂ ಸಂಕಟವಾಯಿತು. ನಲವತ್ತು ವರ್ಷದ ಸಂಸಾರಕ್ಕೆ ತನ್ನ ಕೈಯಾರೆ ಕೊಳ್ಳಿ ಇಟ್ಟೆನಲ್ಲ ಎಂದು ಹೆದರಿ, ಎಲ್ಲಾದರೂ ತಪ್ಪು ಸಿಕ್ಕೀತೇ ಎಂದು ಮತ್ತೆ ದಾಖಲೆ ಕಚೇರಿಗೆ ಓಡಿದ.

ಅಲ್ಲಿನ ಮಿಸ್ ಹೇವರ್ಡ್ ಅವನ ಟಿಪ್ಪಣಿ ನೋಡಿ ನಿಟ್ಟುಸಿರು ಬಿಟ್ಟರು.

“ಆಗೆಲ್ಲ ಹೊಸ ವರ್ಷ ಶುರುವಾಗ್ತಿದ್ದದ್ದು ಮಾರ್ಚ್ ಇಪ್ಪತ್ತೈದಕ್ಕೆ, ಥರ್ಲೋ ಅವರೇ. ಜನವರಿ, ಫೆಬ್ರವರಿ ವರ್ಷದ ಕೊನೇಲಿ ಬರ್ತಿದ್ವು. 1671ರಲ್ಲಿ ಮೇ ಮೊದಲು, ಫೆಬ್ರವರಿ ಆಮೇಲೆ. ಸರಿಯಾಗಿ ಒಂಬತ್ತು ತಿಂಗಳು. ಎರಡು ವರ್ಷ ಇಲ್ಲೇ ಕೂತಿದ್ರಿ, ಒಂದು ಮಾತು ಕೇಳ್ಬಾರ್ದಿತ್ತಾ?”

ಕೇಳುವುದು ಥರ್ಲೋಗಳ ಜಾಯಮಾನವಲ್ಲ. ಆದರೂ ಆಂಬ್ರೋಸ್ ಅಂದೇ ದಪ್ಪಕ್ಷರದಲ್ಲಿ ಒಂದು ಮಹಾಪ್ರಕಟಣೆ ಬರೆದು ಸಭಾಂಗಣದ ಎರಡು ವೃಕ್ಷಗಳ ನಡುವೆ ತೂಗುಹಾಕಿದ: ‘ಹಳೆಯ ಲೆಕ್ಕದಲ್ಲಿ ಜನವರಿ, ಫೆಬ್ರವರಿ ವರ್ಷದ ಕೊನೆಯ ತಿಂಗಳುಗಳು. ಪಾಸ್ಕ್ ಮನೆತನ ನಿಷ್ಕಳಂಕ. ನನ್ನ ತಪ್ಪು, ಕ್ಷಮೆಯಿರಲಿ.’ ಡೋರೀನ್ ಹೋಗಿ ಎರಡು ಸಲ ಓದಿ ಬಂದಳು. ಆ ರಾತ್ರಿ ದಿಂಬು ವಾಪಸ್ಸು ಬಂತು.

ಭಾನುವಾರ ಪ್ರಾರ್ಥನೆ ಮುಗಿಸಿ ಸಭಾಂಗಣಕ್ಕೆ ಹೋದರೆ, ಜನ ಪಾಸ್ಕರ ವೃಕ್ಷದ ಹತ್ತಿರ ಇರಲಿಲ್ಲ, ಥರ್ಲೋ ವೃಕ್ಷದ ಮುಂದೆ ಗುಂಪುಗೂಡಿದ್ದರು. ಚರ್ಚಿನ ಮೇಲ್ವಿಚಾರಕ ಗ್ಯಾರಡ್ ಗಂಭೀರವಾಗಿ ಬೆರಳಿಟ್ಟು ತೋರಿಸಿದರು.

“ನಿಮ್ಮ ನಾಲ್ಕು ಒಲೆ ಜಾನ್ ಇದಾನಲ್ಲ, ಅವನ ಮಗನ ದೀಕ್ಷಾಸ್ನಾನ ಡಿಸೆಂಬರ್ 1668. ಮದುವೆ ಜನವರಿ 1668. ನಿಮ್ಮ ಪ್ರಕಟಣೆ ಪ್ರಕಾರ ಆ ಜನವರಿ, ಡಿಸೆಂಬರ್ ಆದ್ಮೇಲೆ ತಾನೇ ಬರೋದು?”

ಆಂಬ್ರೋಸ್ ಬೆರಳು ಮಡಿಸಿ ಎಣಿಸಿದ. ಹನ್ನೊಂದು ತಿಂಗಳ ಸಭ್ಯ ಅಂತರವೆಂದು ತಾನು ಬೀಗಿದ್ದ ಜಾಗದಲ್ಲಿ ಮಗುವೇ ಮದುವೆಗಿಂತ ಒಂದು ತಿಂಗಳು ಹಿರಿದಾಗಿ ಕೂತಿತ್ತು. ಯಾರೂ ನಗಲಿಲ್ಲ. ಸಾವಿನ ಮನೆಯಲ್ಲಿ ಹಿಡಿಯುವಂತೆ ಯಾರೋ ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿದರು.

ಆಗ ಡೋರೀನ್ ಬಂದು ಅವನ ತೋಳು ಹಿಡಿದಳು. ಎಷ್ಟಾದರೂ ಕೈಹಿಡಿದವಳು, ಕಾಪಾಡುತ್ತಾಳೆ ಎಂದು ಅವನ ಕಣ್ಣು ತುಂಬಿ ಬಂತು.

“ಪಾಪ, ಜಾನ್‌ನ ಏನೂ ಅನ್ಬೇಡಿ ಗ್ಯಾರಡ್,” ಎಂದಳು. “ಆ ಮನುಷ್ಯ ಒಂದೇ ತಿಂಗಳು ತಡ ಮಾಡಿದ್ದು. ಇವರು ಮದುವೆ ಅಂತ ಬಾಯಿ ಬಿಡೋಕೆ ನನ್ನ ಏಳು ವರ್ಷ ಕಾಯಿಸಿದ್ರು.”