ಮಾವನ ಜಾಕೆಟ್ಟಿಗೆ ಎಣ್ಣೆಸ್ನಾನ

ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಸುವ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಾನು ನಂಬಿದ್ದೆ. ಮದುವೆಗಳಲ್ಲಿ ಮಿಮಿಕ್ರಿ ಮಾಡುವುದು ನನ್ನ ಕಸುಬು. ಕಂಡಕ್ಟರು, ಐನೋರು, ಮುನಿಸಿಕೊಂಡ ಬೀಗರು, ಯಾರ ಧ್ವನಿ ಬೇಕಾದರೂ ತೆಗೆಯುತ್ತೇನೆ. ಬುದ್ಧಿ ಹೇಳಲು ಬಂದವರ ಧ್ವನಿ ತೆಗೆದು ಓಡಿಸುತ್ತೇನೆ.

ಕುರುಗೋಡಿನ ಒಂದು ಆರತಕ್ಷತೆಗೆ ಸ್ವಲ್ಪ ಠೀವಿ ಇರಲಿ ಎಂದು, ಸಿರುಗುಪ್ಪದ ಅಕ್ಕನನ್ನು ಕಾಡಿ ಅವಳ ಗಂಡನ ಚರ್ಮದ ಜಾಕೆಟ್ ತಂದೆ. ಈ ಮಾವ ಅಕ್ಕಿ ವ್ಯಾಪಾರಿ. ದಿಲ್ಲಿಯಲ್ಲಿ ಕೊಂಡ ಜಾಕೆಟ್ಟದು. ನಮ್ಮ ಬಿಸಿಲಿನಲ್ಲಿ ಅದನ್ನು ತೊಡುವ ಪ್ರಸಂಗವೇ ಬರದ ಕಾರಣ, ಬೀರುವಿನಲ್ಲಿಟ್ಟು ದೇವರಂತೆ ದರ್ಶನ ಮಾತ್ರ ಪಡೆಯುತ್ತಿದ್ದರು.

"ಅವ್ರಿಗೆ ಹೇಳಿಲ್ಲ," ಎಂದಳು ಅಕ್ಕ. "ಅವ್ರು ಬೀರು ತೆಗೆಯೋದ್ರೊಳಗ ವಾಪಸ್ ಬರಬೇಕು. ಇಲ್ಲಂದ್ರ ನಿನ್ನ ಚರ್ಮ ಸುಲೀತೀನಿ."

ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಆಮೇಲೆ ಊಟದಲ್ಲಿ ಒಂದು ಮಿರ್ಚಿ ಬಜ್ಜಿ ಕಚ್ಚಿದೆ. ಅಲ್ಲಿಯ ಬಾಣಸಿಗನಿಗೆ ಎಣ್ಣೆ ಬಸಿಯುವ ಅಭ್ಯಾಸವೇ ಇರಲಿಲ್ಲವೇನೋ. ಜಾಕೆಟ್ಟಿನ ಎದೆಯ ಮೇಲೆ ಅಂಗೈ ಅಗಲದ ಕಲೆ.

ನಮ್ಮ ಬಳ್ಳಾರಿಯ ಕೌಲ್ ಬಜಾರಿನ ಡ್ರೈಕ್ಲೀನ್ ಅಂಗಡಿಯವನು ಜಾಕೆಟ್ಟನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, ಮೂಗಿನಿಂದ ರೇಟು ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು.

"ಇಷ್ಟು ರೊಕ್ಕಕ್ಕ ಎಮ್ಮಿನ ಬರ್ತೈತಲ್ರಿ."

"ಹಂಗಾರ ಎಮ್ಮಿನ ಹಾಕ್ಕೊಂಡು ಅಡ್ಡಾಡ್ರಿ."

ಮನೆ ಮುಟ್ಟುವವರೆಗೂ ಅವನದೇ ಮೂಗಿನ ಧ್ವನಿಯಲ್ಲಿ ಅವನನ್ನು ಬೈದೆ. ದಾರಿಯಲ್ಲೇ ಒಂದು ಮಹಾ ತತ್ತ್ವ ಹೊಳೆಯಿತು. ಚರ್ಮ ಎಂದರೆ ಚರ್ಮ. ಎಣ್ಣೆ ತಿಕ್ಕಿ, ಸೀಗೆಕಾಯಿ ಹಚ್ಚಿ, ಬಿಸಿನೀರು ಎರೆದರೆ ಹೊಳೆಯದ ಚರ್ಮ ಯಾವುದಿದೆ? ಶೇಂಗಾ ಎಣ್ಣೆ ತೆಗೆದುಕೊಂಡು ಕುಳಿತೆ.

ಅವ್ವ ಬಾಗಿಲಲ್ಲಿ ನಿಂತಳು. "ಜಾಕೆಟ್ಟಿಗೆ ಯಾರಾದ್ರೂ ಎರೀತಾರೇನೋ?"

"ಸಣ್ಣಾಂವ ಇದ್ದಾಗ ನನಗ ಎರೀತಿದ್ದಿಲ್ಲೇನು? ನಾನೇನು ಹಾಳಾದ್ನಾ?"

ಅವ್ವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ ಒಳಗೆ ಹೋದಳು.

ಮಿಂದ ಜಾಕೆಟ್ಟನ್ನು ಮಾಳಿಗೆಯ ಮೇಲೆ ಒಣಹಾಕಿದೆ. ಬಳ್ಳಾರಿಯ ಬಿಸಿಲಿಗೆ ದಯೆ ಎಂಬುದಿಲ್ಲ. ಸಂಜೆ ಮುಟ್ಟಿದರೆ ತೋಳು ಹಪ್ಪಳದಂತೆ ಲಟಕ್ ಎಂದಿತು. ಕೆಳಗಿಳಿಸಿ ನೆಲಕ್ಕಿಟ್ಟರೆ, ಒಳಗೆ ಯಾರೂ ಇಲ್ಲದೆಯೇ ಎರಡೂ ಕೈ ಚಾಚಿ ತಾನಾಗಿ ನಿಂತುಕೊಂಡಿತು. ಕಲೆ ಮಾತ್ರ ಇದ್ದಲ್ಲೇ ಇತ್ತು.

ಬೇರೆ ಊರಿನವನಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದನೇನೋ. ನಾನು ಜೀನ್ಸ್ ಹೊಲಿಯುವ ಊರಿನವನು. ಗೆಳೆಯ ಬಾಷಾ ಜೀನ್ಸ್ ತೊಳೆಯುವ ಘಟಕದಲ್ಲಿ ಮಷಿನ್ ನಡೆಸುತ್ತಾನೆ.

"ಗಟ್ಟಿ ಬಟ್ಟಿ ಮೆತ್ತಗ ಮಾಡೋದ ನಮ್ಮ ಧಂದೆ ಲೇ," ಎಂದ ಬಾಷಾ. "ಕಲ್ಲು ಹಾಕಿ ತಿರುಗಿಸಿದ್ರ ಎಂಥಾ ಪ್ಯಾಂಟೂ ಬೆಣ್ಣಿ ಆಗ್ತೈತಿ. ನಿನಗ ಫುಕ್ಕಟ್."

ಫುಕ್ಕಟ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನ್ನ ತಲೆ ಓಡುವುದಿಲ್ಲ.

ಮರುದಿನ ಬಾಷಾ ತಂದುಕೊಟ್ಟದ್ದು ನಿಜಕ್ಕೂ ಮೆತ್ತಗಿತ್ತು. ಕಲೆ ಹೋಗಿತ್ತು. ಕಲೆಯ ಜೊತೆ ಬಣ್ಣ ಹೋಗಿತ್ತು, ಬಣ್ಣದ ಜೊತೆ ಅಳತೆಯೂ ಹೋಗಿತ್ತು. ತೊಟ್ಟು ನೋಡಿದರೆ ತೋಳು ಮೊಣಕೈಗೆ ನಿಂತಿತು.

"ಇದು ಯಾರ್ದಲೇ?"

"ನಿಂದ. ಫೇಡ್ ನೋಡು ಹ್ಯಾಂಗ ಬಂದೈತಿ. ಇದಕ್ಕ ಈಗ ಬಾಳ ಡಿಮ್ಯಾಂಡ್."

ಬಾಷಾನನ್ನು ಬೈದೆ. ಅವನ ಕಲ್ಲನ್ನು, ಬಿಸಿಲನ್ನು, ಮಿರ್ಚಿಯವನನ್ನು, ಡ್ರೈಕ್ಲೀನಿನವನನ್ನು ಬೈದೆ. ಜಾಕೆಟ್ಟಿಗೆ ಚರ್ಮ ಕೊಟ್ಟ ಪ್ರಾಣಿಯನ್ನೂ ಬಿಡಲಿಲ್ಲ. ಪಟ್ಟಿಯಲ್ಲಿ ಒಂದೇ ಹೆಸರು ಬಿಟ್ಟುಹೋಗಿತ್ತು.

ಅಷ್ಟರಲ್ಲಿ ಅಕ್ಕನ ಫೋನು. "ನಾಳೆ ಅವ್ರು ದಿಲ್ಲಿಗೆ ಹೊಂಟಾರ. ಮುಂಜಾನೆ ಬೀರು ತೆಗೀತಾರ. ವೀರೇಶಾ, ಎಲ್ಲೈತೋ ಅದು?"

ಅಕ್ಕನ ಬೈಗುಳವನ್ನು ನಾನು ಎಷ್ಟೋ ವೇದಿಕೆಯಲ್ಲಿ ಅನುಕರಿಸಿದ್ದೇನೆ. ಈ ಹೆದರಿದ ಧ್ವನಿ ನಾನು ಕೇಳಿದ್ದೇ ಮೊದಲು. ಏನಾದರಾಗಲಿ, ಅವಳ ಮೇಲೆ ಮಾತು ಬರಬಾರದು. ತಕ್ಷಣ ಮಾವನಿಗೆ ಫೋನು ಹಚ್ಚಿದೆ. ಗಂಟಲು ಬಿಗಿಹಿಡಿದು, ಅದೇ ಮೂಗಿನ ಧ್ವನಿ ತೆಗೆದೆ.

"ಸಾರ್, ಡ್ರೈಕ್ಲೀನ್ ಅಂಗಡಿಯಿಂದ್ರಿ. ನಿಮಗ ಖುಷಿ ಆಗ್ಲಿ ಅಂತ ನಿಮ್ಮ ಮನಿಯವ್ರು ಜಾಕೆಟ್ ಕ್ಲೀನ್ ಮಾಡಾಕ ಕೊಟ್ಟಿದ್ರು. ನಮ್ಮ ಮಷಿನ್ ಕೆಟ್ಟು ಹಾಳಾತ್ರಿ. ತಪ್ಪು ನಮ್ದ. ಅವ್ರದೇನೂ ಇಲ್ರಿ."

ನನ್ನ ಜೀವಮಾನದ ಅತ್ಯುತ್ತಮ ಪ್ರದರ್ಶನ.

"ಹೋಗ್ಲಿ ಬಿಡ್ರಿ, ಪಾಪ," ಎಂದರು ಮಾವ. "ಒಂದು ಮಾತು ಕೇಳ್ಲೇನು?"

"ಕೇಳ್ರಿ ಸಾರ್."

"ನಮ್ಮ ವೀರೇಶನ ಫೋನು ನಿಮ್ಮ ಕೈಯಾಗ ಹ್ಯಾಂಗ ಬಂತು?"

ಮಾವ ಅಕ್ಕನಿಗೆ ಏನೂ ಅನ್ನಲಿಲ್ಲ. ಶಾಲು ಹೊದ್ದುಕೊಂಡು ದಿಲ್ಲಿಗೆ ಹೋಗಿಬಂದರು. ಬಂದ ಮೇಲೆ ಒಂದು ನೆಂಟರ ಮದುವೆಯಲ್ಲಿ, ಎಲ್ಲರೂ ನನ್ನನ್ನು ಮಿಮಿಕ್ರಿಗೆ ಎಬ್ಬಿಸುವಾಗ, ತಾವೇ ಎದ್ದು ನಿಂತರು. ನಾನು ಮರಳಿಸಿದ್ದ ಮೊಣಕೈ ತೋಳಿನ ಆ ಜಾಕೆಟ್ಟಿನೊಳಗೆ ಹೇಗೋ ತೂರಿಕೊಂಡು, ಮೈಕು ಹಿಡಿದು, ಮೂಗಿನಿಂದ ಶುರುಮಾಡಿದರು: "ಸಾರ್, ಡ್ರೈಕ್ಲೀನ್ ಅಂಗಡಿಯಿಂದ್ರಿ..."

ಎಲ್ಲರಿಗಿಂತ ಹೆಚ್ಚು ನಕ್ಕವಳು ಅಕ್ಕ.

ಈಗ ಸಿರುಗುಪ್ಪದ ಕಡೆಯಿಂದ ಕಾರ್ಯಕ್ರಮಕ್ಕೆ ಕರೆ ಬಂದರೆ ಮೊದಲ ಪ್ರಶ್ನೆ ಒಂದೇ: "ನಿಮ್ಮ ಮಾವ ಖಾಲಿ ಅದಾರೇನ್ರಿ?" ಫೋನು ಎತ್ತುವವನು ನಾನು. ಜಾಕೆಟ್ಟನ್ನು ಮಡಚಿ ಚೀಲದಲ್ಲಿ ಹೊರುವವನೂ ನಾನೇ.