ಸ್ಟೆಪ್ನಿಯ ಪಾಲು

ಬೆಳ್ಳಾರೆಯ ಲತೀಶನ ಕಾರಿನ ಗೇರು ಅಂದು ಬೆಳಗ್ಗೆ ಪಾರ್ಕಿಂಗಿನ 'ಪಿ'ಯಲ್ಲಿ ಕುಳಿತದ್ದು ಏಳಲೇ ಇಲ್ಲ. ಇಂಜಿನು ಸ್ಟಾರ್ಟಾಯಿತು, ಎ.ಸಿ. ತಣ್ಣಗೆ ಬೀಸಿತು. ಗೇರಿನ ಹಿಡಿ ಮಾತ್ರ ಮದುವೆಮನೆಯಲ್ಲಿ ಮುನಿಸಿಕೊಂಡ ಭಾವನ ಹಾಗೆ ಅಲ್ಲಾಡದೆ ಕುಳಿತಿತ್ತು.

ಪಕ್ಕದ ಸೀಟಿನಲ್ಲಿ ಮಾವ ತ್ಯಾಂಪಣ್ಣ. ಕಣ್ಣಿನ ಪೊರೆ ತೆಗೆಸಿಕೊಳ್ಳಿ ಎಂದು ಮಗಳು ಪ್ರೀತಿಕಾ ಎರಡು ವರ್ಷ ಗೋಗರೆದ ಮೇಲೆ, ಅಳಿಯನ ಕಾರಿನಲ್ಲಾದರೆ ಮಾತ್ರ ಪುತ್ತೂರಿನ ಆಸ್ಪತ್ರೆಗೆ ಬರುತ್ತೇನೆಂದು ಒಪ್ಪಿದ್ದರು. ಕಾರಿನ ಮೇಲಿನ ಗೌರವಕ್ಕೆ ಚಪ್ಪಲಿಯನ್ನೂ ಕಳಚಿ ಕಾಲಬುಡದಲ್ಲಿ ಇಟ್ಟುಕೊಂಡಿದ್ದರು.

"ಗೇರಿಲ್ಲದ ಕಾರು ತೆಕ್ಕೊಬೇಡ ಅಂತ ಆಗಲೇ ಹೇಳಿದ್ದೆ."

"ಗೇರು ಉಂಟು ಮಾವ. ಅದಾಗಿಯೇ ಬದಲಾಗ್ತದೆ."

"ಮತ್ತೆ ಈಗ ಎಂತ, ಅದಕ್ಕೆ ಮನಸ್ಸಿಲ್ಲವಾ?"

"ರಿಕ್ಷಾ ಕರೆಯಲಾ?"

"ರಿಕ್ಷಾ ಆದ್ರೆ ನಾನು ಮನೆಗೆ ಹೋಗುದು."

ಲತೀಶನಿಗೆ ಸುಸ್ತಾಯಿತು. ಅವನು ಯಾವುದರಲ್ಲೂ ಕೊರತೆ ಬಿಡುವವನಲ್ಲ. ಹಳೆಯ ಕಾರಾದರೂ ಕೊಂಡ ದಿನವೇ ವಾಹನ ಪೂಜೆ ಮಾಡಿಸಿದ್ದ. ನಾಲ್ಕು ಚಕ್ರಕ್ಕೆ ನಾಲ್ಕು ಲಿಂಬೆ ಇಟ್ಟ ಭಟ್ಟರಲ್ಲಿ, ಸ್ಟೆಪ್ನಿಗೆ ಬೇಸರವಾಗಬಾರದೆಂದು ಐದನೆಯದನ್ನೂ ಕೇಳಿ ಪಡೆದು ಹಿಂದೆ ಇಟ್ಟಿದ್ದ. ಅಷ್ಟು ಮಾಡಿಯೂ ಹೀಗೆ.

ಪಕ್ಕದ ಮನೆಯ ವೆಂಕಪ್ಪಣ್ಣ ಬಂದರು. ಬಸ್ಸು ಓಡಿಸಿ ನಿವೃತ್ತರಾದವರು. ಬಾನೆಟ್ ಎತ್ತಿಸಿ, ಗೇರು ಆಯಿಲಿನ ಕಡ್ಡಿ ಎಳೆದು ನೋಡಿ ಹೌಹಾರಿದರು.

"ಕೆಂಪಾಗಿದೆ! ಗೇರ್‌ಬಾಕ್ಸ್ ಒಳಗೇ ಕೊಳೆತಿದೆ ಮಾರಾಯ!"

ಲತೀಶ ಮೊಬೈಲಿನಲ್ಲಿ ಹುಡುಕಿದ. "ಈ ಆಯಿಲಿನ ಬಣ್ಣವೇ ಕೆಂಪಂತೆ. ಅದಲ್ಲ ವೆಂಕಪ್ಪಣ್ಣ, ನನಗೆ ಬ್ರೇಕೂ ಕಲ್ಲಿನ ಹಾಗೆ ಗಟ್ಟಿ ಅನ್ನಿಸ್ತದೆ..."

"ಗೇರಿನ ವಿಷಯ ಮಾತಾಡುವಾಗ ಬ್ರೇಕಿನದ್ದು ಎಂತಕ್ಕೆ?"

ತನಗೇ ತಿಳಿಯದಿರಬಹುದು ಎಂದುಕೊಂಡು ಲತೀಶ ಬಾನೆಟ್ ಮುಚ್ಚಿದ.

ಎದುರುಮನೆಯ ಝುಲೈಖಾ ಮೊಬೈಲ್ ಹಿಡಿದುಕೊಂಡೇ ಬಂದಳು. "ಲತೀಶಣ್ಣ, ನಮ್ಮವರು ದುಬೈಯಲ್ಲಿ ಓಡಿಸುದು ಇಂಥದ್ದೇ. ಕೇಳಿ."

ಪರದೆಯೊಳಗಿನ ಗಂಡ ಹೇಳಿದ: "ಗೇರಿನ ಪಕ್ಕ ಸಣ್ಣ ಮುಚ್ಚಳ ಉಂಟು. ತೆಗೆದು ಸ್ಕ್ರೂಡ್ರೈವರ್ ಒತ್ತಿ ನ್ಯೂಟ್ರಲಿಗೆ ಎಳೀರಿ. ಆದ್ರೆ ಅದಕ್ಕೆ ಮೊದಲು..."

ಬಾಯಿ ತೆರೆದಲ್ಲಿಗೆ ಅವನು ಸ್ತಬ್ಧನಾದ. ನೆಟ್‌ವರ್ಕ್ ಹೋಗಿತ್ತು.

ಗಂಟೆ ನೋಡಿ ಲತೀಶ ಸ್ಕ್ರೂಡ್ರೈವರ್ ಒತ್ತಿ ಎಳೆದೇಬಿಟ್ಟ. ಗೇರು ನ್ಯೂಟ್ರಲಿಗೆ ಬಂತು. ಅಂಗಳದ ಇಳಿಜಾರಿನಲ್ಲಿ ಕಾರು ಹಿಂದಕ್ಕೆ ಹೊರಟಿತು. ಬ್ರೇಕ್ ಒತ್ತಿದ, ಅದು ಕೆಳಗಿಳಿಯಲಿಲ್ಲ. ಹ್ಯಾಂಡ್‌ಬ್ರೇಕ್ ನೆನಪಾಗದೆ ಹಾರ್ನ್ ಒತ್ತಿದ. ಹಾರ್ನ್ ಹೊಡೆಯುತ್ತಲೇ ಕಾರು ವೆಂಕಪ್ಪಣ್ಣನ ಗೊಬ್ಬರದ ರಾಶಿಗೆ ಬೆನ್ನು ಒರಗಿಸಿ ನಿಂತಿತು.

"ಚಪ್ಪಲಿ ಎಲ್ಲಿ ಹೋಯ್ತು?" ತ್ಯಾಂಪಣ್ಣ ಬಗ್ಗಿ, ಅಳಿಯನ ಕಾಲಡಿಯಲ್ಲೆಲ್ಲ ಕೈಯಾಡಿಸಿದರು. ಚಪ್ಪಲಿಯ ಬದಲು, ಒಣಗಿ ಗೋಲಿಯಂತಾದ ಲಿಂಬೆಯೊಂದು ಹೊರಬಂತು. "ಬ್ರೇಕಿನ ಅಡಿಯಲ್ಲಿ ಇದನ್ನು ಎಂತಕ್ಕೆ ಸಿಕ್ಕಿಸಿದ್ದು?"

ಐದನೆಯದು. ಹಿಂದಿನಿಂದ ಉರುಳುತ್ತ ಬಂದು ಕುಳಿತಿತ್ತು. ಬ್ರೇಕ್ ಒತ್ತದೆ ಗೇರು ಬಿಡುವುದಿಲ್ಲವೆಂದು ಪಾಪ ಕಾರು ಬೆಳಗ್ಗಿನಿಂದ ತನ್ನ ಕರ್ತವ್ಯ ಮಾಡುತ್ತಿತ್ತು. ಲತೀಶ ಬ್ರೇಕ್ ಒತ್ತಿದ, ಗೇರು ಬೆಣ್ಣೆಯಂತೆ ಜಾರಿತು. ಕಾರು ಗೊಬ್ಬರ ಕೊಡವಿಕೊಂಡು ಮೇಲೆ ಬಂತು.

"ಹೊರಡುವ ಮಾವ, ಇನ್ನೂ ಹೊತ್ತುಂಟು!"

ತ್ಯಾಂಪಣ್ಣ ಚಪ್ಪಲಿ ಮೆಟ್ಟಿ ಕೆಳಗಿಳಿದಿದ್ದರು. "ಎಲ್ಲಿಗೆ? ನಿಮಗೆ ಯಾರಿಗೂ ಕಾಣದ್ದು ನನಗೆ ಕಂಡಿತು. ನನ್ನ ಕಣ್ಣಿಗೆ ಎಂತ ಆಗಿದೆ?"

"ಅದು ಕೈಗೆ ಸಿಕ್ಕಿದ್ದಲ್ಲವಾ ಮಾವ?"

"ಕಣ್ಣು ಕಾಣದವನಿಗೆ ಹಾಗೆಲ್ಲ ಸಿಗ್ತದಾ? ನಾನು ಸುಳ್ಯ ಬಸ್ಸಿಗೆ ಊರಿಗೆ ಹೋಗುದು."

ಮನೆಯೊಳಗಿನಿಂದ ಓಡಿಬಂದ ಪ್ರೀತಿಕಾ ಲತೀಶನ ಜೊತೆ ರಸ್ತೆಯವರೆಗೂ ಬಂದು ಬೇಡಿಕೊಂಡಳು. ತಿರುವಿನಲ್ಲಿ ಬಸ್ಸು ಕಾಣಿಸಿತು. ತ್ಯಾಂಪಣ್ಣ ಕಣ್ಣು ಕಿರಿದು ಮಾಡಿ, ಅಳಿಯನ ಕಡೆ ವಾಲಿ ಮೆಲ್ಲನೆ ಕೇಳಿದರು: "ಬೋರ್ಡು ಎಂತ ಉಂಟು?"

ಆಸ್ಪತ್ರೆಯಿರುವ ಪುತ್ತೂರೆಂದೇ ಇತ್ತು. ಸುಳ್ಯವೆಂದುಬಿಡಿ ಎಂದು ಪ್ರೀತಿಕಾ ಕಣ್ಣಲ್ಲೇ ಚಿವುಟಿದಳು. ಲತೀಶನ ನಾಲಿಗೆ ಸುಳ್ಳಿಗೆ ಹೊರಳಲಿಲ್ಲ.

"ಪುತ್ತೂರು, ಮಾವ."

"ಹಾಂ, ನನಗೂ ಕಂಡಿತು," ಎಂದು ತ್ಯಾಂಪಣ್ಣ ರಸ್ತೆ ದಾಟಿ, ಸುಳ್ಯದ ಬಸ್ಸಿಗೆ ಕಾದು ನಿಂತರು.