ಹಿಂದಕ್ಕೆ ತಿರುಗಬಾರದ ಟಿಕೆಟ್

ವಿಮಾನವನ್ನು ಬರೀ ಆಕಾಶದಲ್ಲಿ ನೋಡಿದವನು ವಿಮಾನದ ದಾರಿ ಹಾಕುವ ಉಸಾಬರಿಗೆ ಹೋಗಬಾರದು. ನಾನು ಹೋದೆ. ತೆಲಂಗಾಣ ಚಳವಳಿಯ ದಿನಗಳವು, ಮುಷ್ಕರದಿಂದ ನಾರಾಯಣಖೇಡದ ನಮ್ಮ ಕಚೇರಿಗೆ ಬೀಗ. ಬೆಳಿಗ್ಗೆ ಶಾಮಿಯಾನದ ಕೆಳಗೆ ಘೋಷಣೆ ಕೂಗುವುದು, ಮಧ್ಯಾಹ್ನ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಜಗತ್ತು ಸುತ್ತುವುದು. ಒಂದೇ ಟಿಕೆಟ್‌ನಲ್ಲಿ ಇಡೀ ಭೂಮಿ ಸುತ್ತಬಹುದಂತೆ! ಆದರೆ ಹೊರಟ ದಿಕ್ಕಿಗೇ ಹೋಗಬೇಕು, ಹಿಂದಕ್ಕೆ ತಿರುಗುವಂತಿಲ್ಲ. ಸಿಂಗಪುರ, ಜಪಾನ್, ಅಮೆರಿಕ, ಲಂಡನ್ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಜಪಾನಿನಲ್ಲಿ ಸೋಮವಾರ ಸಂಜೆ ಹತ್ತಿದರೆ ಅಮೆರಿಕದಲ್ಲಿ ಇಳಿಯುವಾಗ ಅದೇ ಸೋಮವಾರದ ಬೆಳಿಗ್ಗೆ! ಈ ಸೋಜಿಗವನ್ನು ಓಡಿಬಂದು ಹೆಂಡತಿ ಶಾಂತಾಗೆ ಹೇಳಿದೆ. ಅವಳದು ಸೋಮವಾರದ ಉಪವಾಸ. "ಅಂದ್ರ ನಾ ಎರಡು ದಿನ ಉಪಾಸ ಇರಬೇಕೇನ್ರಿ? ಆ ಕಡಿಂದ ಸುತ್ರಿ," ಎಂದಳು.

ಅಷ್ಟರಲ್ಲಿ ತಾಂಡೂರಿನಿಂದ ಅವಳ ತಮ್ಮನ ಫೋನು: ನಾಳೆ ಕೂಸನ್ನು ತೊಟ್ಟಿಲಿಗೆ ಹಾಕುತ್ತೇವೆ, ಬಾ. ನಮ್ಮಲ್ಲಿ ಸೋದರತ್ತೆಯೇ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು, ಇವಳೋ ಒಬ್ಬಳೇ ಅತ್ತೆ. ಬಂದ್ ಆಗಿ, ತಾಂಡೂರಿಗೆ ಹೋಗುವ ಜಹೀರಾಬಾದ್ ದಾರಿಯಲ್ಲಿ ಒಂದೂ ಬಸ್ಸಿಲ್ಲ. ಶಾಂತಾ ಕಣ್ಣೀರು ಹಾಕಿದಳು. "ಅಳಬ್ಯಾಡ, ಜಗತ್ತು ಸುತ್ತೋನಿಗೆ ತಾಂಡೂರು ಯಾವ ಲೆಕ್ಕ?" ಎಂದು ನೋಟ್‌ಬುಕ್ ತೆಗೆದೆ. ಪಕ್ಕದ ಮನೆಯವರ ಜೀಪಿನಲ್ಲಿ ಗಡಿ ದಾಟಿ ಬೀದರ್, ಅಲ್ಲಿಂದ ಕರ್ನಾಟಕದ ಬಸ್ಸಿನಲ್ಲಿ ಹುಮನಾಬಾದ್, ಚಿಂಚೋಳಿ, ಆಮೇಲೆ ತಾಂಡೂರಿಗೆ ಯಾರದಾದರೂ ಬೈಕು.

ಮರುದಿನ ನಸುಕಿನಲ್ಲೇ ಹೊರಟೆವು. ಹುಮನಾಬಾದಿನಲ್ಲಿ ಶಾಂತಾ ಹಣೆ ಬಡಿದುಕೊಂಡಳು. ಕೂಸಿಗೆಂದು ತಾನೇ ಹೊಲಿದ ಕುಲಾಯಿಯ ಚೀಲವನ್ನು ಬೀದರ್ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟಿದ್ದಳು. ನಾನು ಗಂಭೀರವಾಗಿ, "ಬಿಟ್ಟ ಊರಿಗೆ ತಿರುಗಬಾರದು. ದಾರಿ ಕೆಡ್ತದ," ಎಂದೆ. "ಹಂಗಾರ ನೀವು ಮುಂದ ನಡೀರಿ ಮಾರಾಯ್ರ," ಎಂದವಳೇ ಬೀದರ್ ಬಸ್ಸು ಹತ್ತಿಬಿಟ್ಟಳು.

ನಾನು ನಡೆದೆ. ಹಾಕಿದ ದಾರಿ ಎಲ್ಲೂ ತಪ್ಪದೆ, ಮಧ್ಯಾಹ್ನಕ್ಕೇ ತಾಂಡೂರು ಮುಟ್ಟಿದೆ. ಹೆಮ್ಮೆಯಿಂದ ಬಾಗಿಲಲ್ಲಿ ನಿಂತರೆ, ಮನೆತುಂಬ ಹೆಂಗಸರು ನನ್ನನ್ನು ಬಿಟ್ಟು ನನ್ನ ಬೆನ್ನ ಹಿಂದೆ ನೋಡುತ್ತಿದ್ದಾರೆ.

"ಕೂಸಿನ ಅತ್ತಿ ಎಲ್ಲಿದ್ದಾಳ್ರಿ?" ಎಂದಳು ಬಾಣಂತಿ.

"ಹಿಂದಿನಿಂದ ಬರ್ತಾಳವ್ವ."

"ಹೆಸರು ಹೇಳೋಳ್ನ ಬಿಟ್ಟು ನೀವೊಬ್ರೇ ಬಂದು ಏನು ಮಾಡ್ತೀರಿ?" ಎಂದಳು ಒಬ್ಬ ಮುದುಕಿ. ಯಾರೂ ನೀರು ಸಹ ಕೊಡಲಿಲ್ಲ. ತೊಟ್ಟಿಲು ಕಾಯಿತು, ಹೋಳಿಗೆ ಆರಿತು, ಕೂಸು ಕಿರುಚಿತು. ಎಲ್ಲಿ ಸಿಕ್ಕಿಕೊಂಡಳೋ ಎಂದು ನನ್ನ ಜೀವ ಕೈಯಲ್ಲಿತ್ತು.

ದೀಪ ಹಚ್ಚುವ ಹೊತ್ತಿಗೆ ಶಾಂತಾ ಧೂಳು ಮೆತ್ತಿಕೊಂಡು ಬಂದಳು. ಕೂಸಿನ ತಲೆಗೆ ಕುಲಾಯಿ ಕಟ್ಟಿ, ಕಿವಿಯಲ್ಲಿ ಹೆಸರು ಹೇಳಿದಳು. ಮನೆಯೆಲ್ಲ ನಕ್ಕಿತು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರೂ ಕೇಳುವಂತೆ ಕೇಳಿದಳು:

"ಕೂಸಿಗಿ ಹೆಸರು ಸಿಕ್ತು. ಇನ್ನ ನಿಮ್ಗ ಏನಂತ ಕರೀಲಿ?"